ದೊಡ್ಡಮ್ಮನ ಗಡಗಡ

ಮಾರ್ಚ್ 3, ಸೋಮವಾರ

ಇಂದು ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ನಮ್ಮ ದೊಡ್ಡಮ್ಮನವರು ನಡುರಸ್ತೆಯಲ್ಲಿ ಬುಸ್ಸೆಂದು ನಿಟ್ಟುಸಿರು ಬಿಟ್ಟು ಕುಳಿತುಬಿಟ್ಟರು. ಹಿಂದೆ ಸಾಲುಗಟ್ಟಿದ್ದ ಹದಿನಾಲ್ಕು ವಾಹನಗಳು ಒಕ್ಕೊರಲಿನಿಂದ ಹಾರ್ನ್ ಬಾರಿಸಿ ಸಂತಾಪ ಸೂಚಿಸಿದವು.

ದೊಡ್ಡಮ್ಮ ಎಂದರೆ ನಮ್ಮ ಕಾರು. ಹತ್ತೊಂಬತ್ತು ವರ್ಷದ ಸೆಡಾನ್. ಇಬ್ಬರ ಕೈ ದಾಟಿ ಅಪ್ಪನ ಕೈಗೆ ಬಿದ್ದದ್ದು. ಅಮ್ಮನಿಗೆ ಅಕ್ಕಂದಿರಿಲ್ಲವಾದ್ದರಿಂದ ಮನೆಯಲ್ಲಿ ದೊಡ್ಡಮ್ಮನ ಹುದ್ದೆ ಖಾಲಿ ಇತ್ತು. ವಯಸ್ಸು, ಗೊಣಗಾಟ, ಔಷಧಿಯ ಖರ್ಚು ಮೂರನ್ನೂ ಪರಿಶೀಲಿಸಿ ನಾನೇ ಈ ನೇಮಕಾತಿ ಮಾಡಿದೆ. ನೆತ್ತಿಯ ಮೇಲೆ ‘ಕಲಿಯುವವರಿದ್ದಾರೆ, ತಾಳ್ಮೆ ಇರಲಿ’ ಎಂಬ ಹಳದಿ ಫಲಕ. ಅಪ್ಪನದು ಒಬ್ಬರೇ ಮೇಷ್ಟರು, ಒಂದೇ ಕಾರು ಇರುವ ಡ್ರೈವಿಂಗ್ ಶಾಲೆ. ಕಲಿಯುವವರು ಸ್ಟೇರಿಂಗ್ ಹಿಡಿದರೆ ಪಕ್ಕದ ಸೀಟಿನಲ್ಲಿ ಅಪ್ಪ. ಅವನ ಕಾಲಡಿಗೂ ಒಂದು ಬ್ರೇಕು, ಒಂದು ಕ್ಲಚ್ಚು.

ಬುಸ್ಸೆಂದದ್ದು ರೇಡಿಯೇಟರಿನ ರಬ್ಬರ್ ಪೈಪು. ಹೊಸದು ಬರುವವರೆಗೆ ಹಳೆಯದಕ್ಕೇ ಬ್ಯಾಂಡೇಜು. ಪರೀಕ್ಷೆ ಬರೆದು ಫಲಿತಾಂಶ ಕಾಯುತ್ತಾ ಮನೆಯಲ್ಲಿ ಬಿದ್ದಿರುವ ನನ್ನನ್ನು ಅಪ್ಪ ಹಿಂದಿನ ಸೀಟಿಗೆ ನೇಮಿಸಿದ್ದಾನೆ. ಕೆಲಸ: ಐದು ಲೀಟರ್ ನೀರಿನ ಕ್ಯಾನು ಮಡಿಲಲ್ಲಿ ಇಟ್ಟುಕೊಂಡು ಕೂರುವುದು, ದೊಡ್ಡಮ್ಮನಿಗೆ ಬಾಯಾರಿದಾಗ ಕುಡಿಸುವುದು. ಪದನಾಮ: ಜಲಸಂಪನ್ಮೂಲ ಸಚಿವೆ. ಸಂಬಳ: ಎರಡು ಹೊತ್ತಿನ ಊಟ, ಅದು ಮೊದಲೂ ಇತ್ತು.

ಸಂಜೆ ಪರವಾನಗಿ ಕಚೇರಿಯಿಂದ ಕಾಗದ ಬಂತು. ಶಾಲೆಯ ಪರವಾನಗಿ ನವೀಕರಣಕ್ಕೆ ಇದೇ ಇಪ್ಪತ್ತೆಂಟರಂದು ವಾಹನದ ತಪಾಸಣೆ. ಅದೇ ದಿನ ಬೋಧಕರ ಕಣ್ಣು, ಕಿವಿ, ರಕ್ತದೊತ್ತಡ. ಎರಡರಲ್ಲಿ ಒಂದು ಫೇಲಾದರೂ ಫಲಕ ಇಳಿಸಬೇಕು. “ಎರಡು ಹಳೇ ಗಾಡಿಗೂ ಒಂದೇ ದಿನ ಪರೀಕ್ಷೆ” ಅಂದೆ. ಒಳ್ಳೆಯ ಜೋಕು. ಅಪ್ಪ ನಗಲಿಲ್ಲ. ಇನ್ನೊಮ್ಮೆ ಹೇಳಿದೆ. ಎರಡನೇ ಸಲ ಹೇಳಿದ ಜೋಕು ಆರಿದ ಚಹಾ ಇದ್ದಂತೆ. ಅಪ್ಪ ಕಾಗದವನ್ನೇ ನೋಡುತ್ತಾ ಕಾರಿನ ಕೀಲಿಯನ್ನು ಕಿವಿಗೆ ಹಾಕಿ ತಿರುಗಿಸುತ್ತಿದ್ದ. ಯೋಚನೆ ಮಾಡುವಾಗ ಅವನಿಗೆ ಅದೇ ಅಭ್ಯಾಸ, ತಲೆ ಸ್ಟಾರ್ಟ್ ಆಗಲಿ ಎಂದೋ ಏನೋ.

ಮಾರ್ಚ್ 4, ಮಂಗಳವಾರ

ಗ್ಯಾರೇಜಿನ ಅಣ್ಣ ಈ ಕಡೆಯ ಹಳೇ ಕಾರುಗಳಿಗೆಲ್ಲ ಮನೆವೈದ್ಯ. ಅವನ ಚಿಕಿತ್ಸಾ ಪದ್ಧತಿಯೇ ಬೇರೆ. ಕಾರನ್ನು ಮುಟ್ಟುವ ಮೊದಲು ಮಾಲೀಕರನ್ನು ಸ್ಟೂಲಿನ ಮೇಲೆ ಕೂರಿಸಿ, “ಗಾಡಿ ಏನಂತು, ಅದನ್ನ ಹೇಳಿ. ನಿಮ್ಮ ಅಭಿಪ್ರಾಯ ಬೇಡ” ಅನ್ನುತ್ತಾನೆ. ಕೋಟು ಹಾಕಿದ ದೊಡ್ಡ ಮನುಷ್ಯರು ಆ ಸ್ಟೂಲಿನ ಮೇಲೆ ಕೂತು ತುಟಿ ಮುಂದೆ ಮಾಡಿ ‘ಚೀಂಯ್’ ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ನಿಘಂಟೇ ಇದೆ. ಲೊಡಲೊಡ ಅಂದರೆ ಬುಶ್. ತಿರುವಿನಲ್ಲಿ ಕಟಕಟ ಅಂದರೆ ಆಕ್ಸಲ್. ಕಿರ್ ಅಂದರೆ ಬ್ರೇಕ್ ಪ್ಯಾಡ್. ಗಡಗಡ ಅಂದರೆ ಎಂಜಿನ್ ಮೌಂಟಿಂಗ್. ಗುಂಯ್ ಅಂದರೆ ಬೇರಿಂಗ್, ತಡ ಮಾಡಬೇಡಿ.

ತಾನೇ ರಸ್ತೆಗೆ ಒಯ್ದು ಕೇಳಬಹುದಲ್ಲ ಎಂದರೆ, ಅಣ್ಣನಿಗೆ ಲೈಸೆನ್ಸ್ ಇಲ್ಲ. ಹಿಮ್ಮುಖವಾಗಿ ನಿಲ್ಲಿಸುವ ಪರೀಕ್ಷೆಯಲ್ಲಿ ಮೂರು ಸಲ ಕಂಬಕ್ಕೆ ಗುದ್ದಿದ. ಮೂರೂ ಸಲ ಕಲಿಸಿದ ಗುರು ಅಪ್ಪ. ಹಾಗಾಗಿ ಅವನು ಅಪ್ಪನ ಪಕ್ಕ ಕೂರುವುದೂ ಇಲ್ಲ, ಕೂತರೆ ಅಂಗೈ ಬೆವರುತ್ತದಂತೆ.

ಪೈಪು ಹೊಸದಾಯಿತು, ಆದರೂ ಕ್ಯಾನು, ಹಿಂದಿನ ಸೀಟು, ನನ್ನ ಸಚಿವ ಪದವಿ ಮೂರೂ ಮುಂದುವರಿದವು. ಆಮೇಲೆ ಅಪ್ಪ ಸ್ಟೂಲಿನ ಮೇಲೆ ಕೂತು ಗಂಭೀರವಾಗಿ ಹೇಳಿದ: “ಗಡಗಡ. ವೇಗ ಏರಿದ ಹಾಗೆ ಗಡಗಡ ಜಾಸ್ತಿ.” ಅಣ್ಣ ಗೋಡೆ ನೋಡಿದ. ಎಂಜಿನ್ ಮೌಂಟಿಂಗ್ ಬದಲಿಸಬೇಕು, ನಾಲ್ಕೂವರೆ ಸಾವಿರ. ಅಪ್ಪ ಹೂಂ ಅಂದ. ಶಾಲೆಯ ಗೋಡೆಗೆ ಬಣ್ಣ ಹೊಡೆಸಲು ಇಟ್ಟಿದ್ದ ಹಣ ಎಂಜಿನ್ನಿನ ಕಾಲ ಕೆಳಗೆ ಹೋಯಿತು.

ಹಳೆಯ ಮೌಂಟಿಂಗಿನಿಂದ ಬಿದ್ದ ಒಂದು ಸಣ್ಣ ನಟ್ಟನ್ನು ನಾನು ಜೇಬಿಗಿಳಿಸಿದೆ. ದೇಶಕ್ಕೆ ಯಾವಾಗ ಬೇಕಾಗುತ್ತದೋ ಹೇಳಲಾಗದು.

ಮಾರ್ಚ್ 6, ಗುರುವಾರ

ದೇಶಕ್ಕೆ ಬೇಕಾಯಿತು.

ಬೆಳಿಗ್ಗೆ ಆರಕ್ಕೆ, ಮನೆಯವರೆಲ್ಲ ಹಲ್ಲುಜ್ಜುವ ಶುಭಮುಹೂರ್ತದಲ್ಲಿ, ದೊಡ್ಡಮ್ಮನ ಹಿಂದಿನ ಚಕ್ರದ ಮುಚ್ಚಳ ಬಿಚ್ಚಿ ಒಳಗೆ ಆ ನಟ್ಟನ್ನು ಸ್ಥಾಪಿಸಿ ಮತ್ತೆ ಮುಚ್ಚಿದೆ. ಚಕ್ರ ತಿರುಗಿದರೆ ಟಿಣಿಟಿಣಿ, ಟಿಣಿಟಿಣಿ. ಹತ್ತು ಹೆಜ್ಜೆ ತಳ್ಳಿ ನೋಡಿದೆ, ಯಾರೋ ಗೆಜ್ಜೆ ಕಟ್ಟಿಕೊಂಡು ಓಡಿದ ಹಾಗೆ. ಯಾವ ಅಪಾಯವೂ ಇಲ್ಲ, ಶುದ್ಧ ಸಂಗೀತ. ಅಪ್ಪ ತಲೆ ಕೆರೆದುಕೊಳ್ಳಬೇಕು, ಸ್ಟೂಲಿನ ಮೇಲೆ ಕೂತು ‘ಟಿಣಿಟಿಣಿ’ ಅನ್ನಬೇಕು, ಅಣ್ಣ ಗೋಡೆಯೆಲ್ಲ ಹುಡುಕಬೇಕು. ಆಮೇಲೆ ನಾನು ಪ್ರತ್ಯಕ್ಷಳಾಗಿ ಮುಚ್ಚಳ ಬಿಚ್ಚಬೇಕು. ನನ್ನ ಇಪ್ಪತ್ತು ವರ್ಷದ ಸಾಧನೆಗಳಲ್ಲಿ ಇದು ಕಿರೀಟ.

ಮಾರ್ಚ್ 7, ಶುಕ್ರವಾರ

ಎರಡು ದಿನ, ಒಂಬತ್ತು ಪಾಠ. ಅಪ್ಪ ತುಟಿ ಬಿಚ್ಚಿಲ್ಲ.

ಇವತ್ತು ಸ್ಟೇರಿಂಗ್ ಹಿಡಿದಿದ್ದವರು ಹೊಲಿಗೆ ಟೀಚರ್. ಕಾಲಲ್ಲಿ ಹೊಲಿಗೆ ಯಂತ್ರ ತುಳಿದು ತುಳಿದು ಅವರಿಗೆ ಆಕ್ಸಿಲರೇಟರನ್ನೂ ಹಾಗೇ ತುಳಿಯುವ ಚಟ. ಮೂರನೇ ತಿರುವಿನಲ್ಲಿ ಅವರೇ ಮೆಲ್ಲಗೆ ಕೇಳಿದರು, “ಸಾರ್, ಹಿಂದೆ ಏನೋ ಗೆಜ್ಜೆ ಸದ್ದು ಬರ್ತಿದೆಯಲ್ಲ?” ಅಪ್ಪ ರಸ್ತೆ ನೋಡುತ್ತಾ, “ಕನ್ನಡಿ ನೋಡಿ” ಅಂದ. ಪಾಪ, ಟೀಚರ್ ಕನ್ನಡಿಯಲ್ಲಿ ಗೆಜ್ಜೆ ಹುಡುಕಿದರು. ಅಲ್ಲಿ ನನ್ನ ಮುಖ ಕಂಡಿರಬೇಕು.

ಈಗ ನನಗೆ ವಿಷಯ ಅರ್ಥವಾಯಿತು. ಅಪ್ಪನಿಗೆ ಎಲ್ಲ ಗೊತ್ತು. ಬೇಕೆಂದೇ ಸುಮ್ಮನಿದ್ದಾನೆ, ನಾನೇ ಬಾಯಿ ಬಿಡಲಿ ಎಂದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆಗಲಿ, ನಾನೂ ಅವನ ಮಗಳೇ. ಯಾರು ಮೊದಲು ಸೋಲುತ್ತಾರೋ ನೋಡೋಣ. ಸಮರ ಘೋಷಿಸಲಾಗಿದೆ.

ಮಾರ್ಚ್ 9, ಭಾನುವಾರ

ಮೌಂಟಿಂಗ್ ಬದಲಾಗಿ ಐದು ದಿನವಾದರೂ ಅಪ್ಪನ ಗಡಗಡ ನಿಂತಿಲ್ಲ. ಅಣ್ಣನಿಗೆ ಫೋನು ಮಾಡಿದ. ಫೋನಿನಲ್ಲಿ ಅಪ್ಪ ಬರೀ ತಾನೇ ಮಾತಾಡಿ ಇಟ್ಟುಬಿಡುತ್ತಾನೆ, ಮೇಷ್ಟರಲ್ಲವೇ. ಹಾಗಾದರೆ ಮುಂಚಕ್ರಗಳ ಎರಡು ಶಾಕ್ ಅಬ್ಸಾರ್ಬರ್ ಬದಲಿಸಬೇಕು ಎಂದು ಅಣ್ಣ ಸಂದೇಶ ಕಳಿಸಿದ. ಹನ್ನೊಂದು ಸಾವಿರ. ನಾನು ಲೆಕ್ಕ ಬರೆಯುವವಳಲ್ಲ, ಆದರೆ ಅಮ್ಮ ತನ್ನ ಕನ್ನಡಕದ ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕಿದ್ದು ಕಂಡಿತು.

ಅಮ್ಮ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಇಪ್ಪತ್ತೆರಡು ವರ್ಷ ಪಿಸುಮಾತಿನಲ್ಲೇ ಬದುಕಿ ಅವಳ ದನಿ ತೆಳ್ಳಗಾಗಿದೆ. ಊಟ ಬಡಿಸುವಾಗ ಅವಳು ಏನೋ ಅಂದಳು, ಅಪ್ಪ “ಹಾಂ?” ಅಂದ. ಮತ್ತೆ ಅಂದಳು, ಮತ್ತೆ “ಹಾಂ?”. “ಏನಿಲ್ಲ ಬಿಡಿ, ನನ್ನ ದನಿಯೇ ಹಾಳಾಗಿದೆ” ಅಂದಳು. ಈ ‘ಹಾಂ’, ‘ಏನಿಲ್ಲ ಬಿಡಿ’ ನಮ್ಮ ಮನೆಯ ಹಿನ್ನೆಲೆ ಸಂಗೀತ. ಇವತ್ತು ಯಾಕೋ ಊಟ ಮಾಡುತ್ತಾ ಅದನ್ನು ಎಣಿಸಿದೆ. ಏಳು.

ಮಾರ್ಚ್ 10, ಸೋಮವಾರ

ಅಪ್ಪ ಜಗಲಿಯಲ್ಲಿ ಬೆನ್ನು ಹಾಕಿ ಕೂತು ಪೇಪರ್ ಓದುತ್ತಿದ್ದ. ಹಿಂದೆ ಮೂರು ಹೆಜ್ಜೆ ದೂರ ನಿಂತು ಮಾಮೂಲಿ ದನಿಯಲ್ಲಿ, “ಅಪ್ಪಾ, ಕಾರಿಗೆ ಬೆಂಕಿ ಬಿದ್ದಿದೆ” ಅಂದೆ.

ಪುಟ ತಿರುಗಿಸಿದ.

“ಅಪ್ಪಾ, ನಾನು ಮನೆ ಬಿಟ್ಟು ಓಡಿಹೋಗ್ತಿದ್ದೀನಿ.”

ಮೀಸೆ ತೀಡಿಕೊಂಡ.

ಸಮರ ಮುಗಿಯಿತು. ಎದುರಾಳಿ ರಣರಂಗಕ್ಕೇ ಬಂದಿರಲಿಲ್ಲ.

ಮಾರ್ಚ್ 12, ಬುಧವಾರ

ಈ ಎರಡು ದಿನದಲ್ಲಿ ಕಂಡುಕೊಂಡದ್ದು: ಇಂಡಿಕೇಟರಿನ ಟಿಕ್ ಟಿಕ್ ಅಪ್ಪನಿಗೆ ಕೇಳಿಸುವುದಿಲ್ಲ, ಅದಕ್ಕೇ ಡ್ಯಾಶ್‌ಬೋರ್ಡಿನ ಹಸಿರು ದೀಪವನ್ನೇ ನೋಡುತ್ತಾನೆ. ಕಲಿಯುವವರು ಮಾತಾಡಿದರೆ ಪೂರ್ತಿ ಅವರ ಕಡೆ ತಿರುಗಿ ತುಟಿ ನೋಡುತ್ತಾನೆ. ಎಷ್ಟು ಮರ್ಯಾದಸ್ಥ ಮೇಷ್ಟರು ಎಂದು ಎಲ್ಲರೂ ಹೊಗಳುವುದು ಇದನ್ನೇ. ನಗಬೇಕಾದಾಗ ಬೇರೆಯವರ ಮುಖ ನೋಡಿ ನಗುತ್ತಾನೆ, ಅರ್ಧ ಕ್ಷಣ ತಡವಾಗಿ.

ಶಾಕ್ ಅಬ್ಸಾರ್ಬರ್ ಬದಲಾಯಿತು. ಗಡಗಡ ಹಾಗೇ ಇದೆಯಂತೆ. ಅಣ್ಣ ತನ್ನ ಗೋಡೆಯನ್ನೇ ಅನುಮಾನದಿಂದ ನೋಡಲು ಶುರುಮಾಡಿದ್ದಾನೆ.

ಅಮ್ಮನಿಗೆ ಹೇಳಿದರೆ ಅವಳು ಅಳುತ್ತಾಳೆ, ಅದೂ ಸದ್ದಿಲ್ಲದೆ. ಅಪ್ಪನಿಗೇ ಹೇಳೋಣವೆಂದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಹೀಗಾಗಿ ನಾನು ಮಹತ್ತರವಾದ ಒಂದು ಪಿತೂರಿಯನ್ನು ರೂಪಿಸಿದ್ದೇನೆ. ಇಪ್ಪತ್ತೆಂಟರ ಪರೀಕ್ಷೆಯಲ್ಲಿ ಪರವಾನಗಿ ಕಚೇರಿಯ ಡಾಕ್ಟರು ಹಿಂದೆ ನಿಂತು ಪಿಸುಗುಡುತ್ತಾರಂತೆ, ಹೇಳಿದ್ದನ್ನು ಅಪ್ಪ ತಿರುಗಿ ಹೇಳಬೇಕಂತೆ. ನಾನು ಎದುರಿನ ಬೆಂಚಿನ ಮೇಲೆ ಕೂತು ಅದೇ ಮಾತನ್ನು ತುಟಿಯಲ್ಲಿ ಆಡಿದರಾಯಿತು. ಅಪ್ಪ ಓದಿ ಹೇಳುತ್ತಾನೆ, ಡಾಕ್ಟರು ಸೀಲು ಹೊಡೆಯುತ್ತಾರೆ. ಇಂಥ ಅಮೋಘ ಕುಚೇಷ್ಟೆ ನನ್ನ ವೃತ್ತಿಜೀವನದಲ್ಲೇ ಇಲ್ಲ. ಕನ್ನಡಿ ಮುಂದೆ ನಿಂತು ದನಿಯಿಲ್ಲದೆ ಅರ್ಧ ಗಂಟೆ ಅಭ್ಯಾಸ ಮಾಡಿದೆ. ಕೊನೆಕೊನೆಗೆ ನನ್ನ ತುಟಿ ನನಗೇ ಅರ್ಥವಾಗುತ್ತಿತ್ತು.

ಮಾರ್ಚ್ 15, ಶನಿವಾರ

ಹೊಲಿಗೆ ಟೀಚರ್ ಸಣ್ಣ ರಸ್ತೆಗೆ ತಿರುಗಿಸುತ್ತಿದ್ದರು. ಅಪ್ಪನ ಬದಿಯಿಂದ ಸೈಕಲ್ಲಿನಲ್ಲಿ ಪಾರ್ಸೆಲ್ ಹಂಚುವವನೊಬ್ಬ ಬಂದ. ಬೆಲ್ ಬಾರಿಸಿದ. ಮೂರು ಸಲ. ಅಪ್ಪ ಟೀಚರಿಗೆ ಆಚೆಯ ಕನ್ನಡಿ ತೋರಿಸುತ್ತಿದ್ದ.

ಮೂರನೇ ಬೆಲ್ಲಿಗೆ ನಾನು ಕಿರುಚಿದೆ. ಅಪ್ಪ ಬ್ರೇಕ್ ತುಳಿದ. ಸೈಕಲ್ಲಿನವನ ಅಂಗೈ ಬಾಗಿಲಿಗೆ ಬಡಿಯಿತು. ಬಿದ್ದಿಲ್ಲ, ತರಚಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಅಂದು ಹೋದ, ಅದರಲ್ಲಿ “ಕಿವುಡಾ?” ಅನ್ನುವುದೂ ಇತ್ತು. ಅದು ಅಪ್ಪನಿಗೆ ಕೇಳಿಸಿತು ಅಥವಾ ಕಾಣಿಸಿತು.

ಟೀಚರ್ ಅಳುತ್ತಿದ್ದರು, ತಪ್ಪೆಲ್ಲ ತಮ್ಮದೇ ಎಂದು. ಅಪ್ಪ “ನಿಮ್ಮದಲ್ಲ” ಅಂದ.

ನೀರಿನ ಕ್ಯಾನು ಯಾವಾಗ ಮಗುಚಿತೋ ಗೊತ್ತಾಗಲಿಲ್ಲ. ಮನೆಗೆ ಬಂದಾಗ ಮೊಣಕಾಲವರೆಗೆ ಒದ್ದೆ.

ಮಾರ್ಚ್ 16, ಭಾನುವಾರ

ಬೆಳಿಗ್ಗೆ ಅಪ್ಪ ದೊಡ್ಡಮ್ಮನನ್ನು ತೊಳೆಯುತ್ತಿದ್ದ. ನಾನು ಹೋಗಿ ಹಿಂದಿನ ಚಕ್ರದ ಮುಚ್ಚಳ ಬಿಚ್ಚಿ, ನಟ್ಟನ್ನು ಅಂಗೈಯಲ್ಲಿಟ್ಟು ಅವನ ಮುಂದೆ ಹಿಡಿದೆ. ಮುಖಕ್ಕೆ ಮುಖ ಕೊಟ್ಟು ಹೇಳಿದೆ, “ಹತ್ತು ದಿನದ ಹಿಂದೆ ಇಟ್ಟಿದ್ದೆ ಅಪ್ಪಾ. ನಿನ್ನ ಆಟ ಆಡಿಸೋಕೆ.”

ಅಪ್ಪ ನಟ್ಟನ್ನು ನೋಡಿದ. “ಸದ್ದು ಮಾಡ್ತಿತ್ತಾ?”

“ಬೀದಿಗೆಲ್ಲ ಕೇಳಿಸ್ತಿತ್ತು.”

ಬೈಯುತ್ತಾನೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತ.

“ಒಂದು ವರ್ಷ ಆಯ್ತು ಕಣೇ. ಮೊದಲು ಹಕ್ಕಿಗಳು ಹೋದವು. ಆಮೇಲೆ ಇಂಡಿಕೇಟರ್. ಆಮೇಲೆ ನಿಮ್ಮಮ್ಮನ ಮಾತು.”

ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ ಎಂದು ಕೇಳಿದೆ. ಹೋದರೆ ಅವರು ಬರೆದು ಕೊಡುತ್ತಾರೆ. ಬರೆದು ಕೊಟ್ಟ ಮೇಲೆ ಅದು ನಿಜವಾಗಿಬಿಡುತ್ತದೆ. ಬೇರೆ ಕೆಲಸ ತನಗೆ ಬರುವುದಿಲ್ಲ. ಹೀಗೆ ಒಂದೊಂದಾಗಿ ಹೇಳಿದ, ಪಾಠದಲ್ಲಿ ಗೇರು ಹೇಳಿಕೊಡುವಾಗಿನ ಅದೇ ದನಿಯಲ್ಲಿ. ನಿನ್ನೆ ಸೈಕಲ್ಲಿನವನ ಮುಖ ನೋಡಿದ ಮೇಲೆ ನಿದ್ದೆ ಬರಲಿಲ್ಲವಂತೆ.

ಆಗ ನನಗೆ ಇನ್ನೊಂದು ವಿಷಯ ಹೊಳೆಯಿತು. “ಮತ್ತೆ ಗಡಗಡ? ಏನೂ ಕೇಳಿಸದೆ ಅದೊಂದು ಹೇಗೆ ಕೇಳಿಸ್ತು?”

“ಕೇಳಿಸ್ತು ಅಂತ ಯಾವಾಗ ಅಂದೆ? ಗಡಗಡ ನಡುಗುತ್ತೆ. ಕೈಗೆ ಕಣೇ, ಕಿವಿಗಲ್ಲ.” ಅಪ್ಪ ನನ್ನ ಕೈ ಹಿಡಿದು ಸ್ಟೇರಿಂಗ್ ಮೇಲೆ ಇಟ್ಟ, ನಿಂತ ಕಾರಿನಲ್ಲೇ ನನಗೆ ನಡುಕ ಸಿಗುತ್ತದೆ ಎನ್ನುವ ಹಾಗೆ. ಮೇಷ್ಟರು ಪಕ್ಕದಿಂದ ಎರಡು ಬೆರಳು ಸ್ಟೇರಿಂಗಿಗೆ ತಾಗಿಸಿಕೊಂಡೇ ಇರುತ್ತಾರಲ್ಲ, ಆ ಬೆರಳಿಗೆ ಗಡಗಡ.

ಅಣ್ಣ ಕೇಳಿದ್ದು ಸದ್ದಿನ ಬಗ್ಗೆ, ಅಪ್ಪ ಹೇಳಿದ್ದು ನಡುಕದ ಬಗ್ಗೆ. ಇಬ್ಬರೂ ಒಂದೇ ಪದ ಹಿಡಿದುಕೊಂಡು ಎರಡು ರಸ್ತೆಯಲ್ಲಿ ಹೋದರು. ಹದಿನೈದೂವರೆ ಸಾವಿರದ ಪದ.

ಮಧ್ಯಾಹ್ನ ಅಪ್ಪ ದೊಡ್ಡಮ್ಮನ ನೆತ್ತಿಯ ಹಳದಿ ಫಲಕವನ್ನು ತಾನೇ ಬಿಚ್ಚಿದ. ಕಿವಿ ತೋರಿಸುವ ತನಕ ಪಾಠವಿಲ್ಲ ಎಂದು ಎಲ್ಲರಿಗೂ ಸಂದೇಶ ಕಳಿಸಿದ. ಅಮ್ಮನಿಗೂ ತಾನೇ ಹೇಳಿದ. ಅವಳು ಅಳಲಿಲ್ಲ. “ಹಾಗಾದ್ರೆ ನನ್ನ ದನಿ ಸರಿಯಾಗೇ ಇದೆ” ಅಂದಳು, ನಾನು ಹುಟ್ಟಿದ ಮೇಲೆ ಕೇಳಿದ ಅತಿ ಗಟ್ಟಿ ದನಿಯಲ್ಲಿ.

ನಟ್ಟನ್ನು ಅಪ್ಪ ತನ್ನ ಜೇಬಿನಲ್ಲೇ ಇಟ್ಟುಕೊಂಡ. ನನ್ನ ತುಟಿಯ ಪಿತೂರಿಯನ್ನು ಹೇಳಲು ಹೋಗಲಿಲ್ಲ.

ಮಾರ್ಚ್ 17, ಸೋಮವಾರ

ಗ್ಯಾರೇಜಿನ ಸ್ಟೂಲಿನ ಮೇಲೆ ಇವತ್ತು ನಾನು ಕೂತೆ. ಬರುವಾಗ ಕಾರಿನ ಕಿಟಕಿ ಏರಿಸಿ ಕಣ್ಣು ಮುಚ್ಚಿ ಕೇಳಿಕೊಂಡು ಬಂದಿದ್ದೆ. ನಲವತ್ತು ದಾಟಿದ ಮೇಲೆ ಗುಂಯ್ ಎನ್ನುತ್ತದೆ. ಬಲಕ್ಕೆ ತಿರುಗಿದರೆ ಜಾಸ್ತಿ, ಎಡಕ್ಕೆ ತಿರುಗಿದರೆ ಕಡಿಮೆ. ಈ ಗುಂಯ್ ಅನ್ನು ನಾನು ಎಷ್ಟೋ ತಿಂಗಳಿಂದ ಕೇಳುತ್ತಿದ್ದೆ. ಫ್ರಿಜ್ಜಿನ ಸದ್ದಿನ ಹಾಗೆ ಅದು ಮನೆಯದೇ ಎಂದುಕೊಂಡಿದ್ದೆ. ಅಪ್ಪನೇ ಗಡಗಡ ಅಂದಮೇಲೆ ಗುಂಯ್ ಅನ್ನಲು ನಾನ್ಯಾರು?

ಅಣ್ಣ ಮುಂದಿನ ಎಡಚಕ್ರಕ್ಕೆ ಜಾಕ್ ಕೊಟ್ಟು ಎತ್ತಿ ಕೈಯಲ್ಲಿ ತಿರುಗಿಸಿದ. ಮರಳು ಅರೆದ ಹಾಗೆ. ಬೇರಿಂಗ್ ಬಿಚ್ಚಿ ತೋರಿಸಿದ: ಒಳಗಿನ ಗುಂಡುಗಳು ಸುಟ್ಟು ನೀಲಿಯಾಗಿದ್ದವು. ಇನ್ನು ಹದಿನೈದು ದಿನ ಓಡಿಸಿದ್ದರೆ ಚಕ್ರವೇ ಸಿಕ್ಕಿಹಾಕಿಕೊಳ್ಳುತ್ತಿತ್ತಂತೆ. ಅದೂ ವೇಗದಲ್ಲಿದ್ದಾಗ.

ಅಣ್ಣನಿಗೆ ಬಹಳ ಅವಮಾನವಾಗಿತ್ತು. “ಸಾರ್, ಮೌಂಟಿಂಗ್ ದುಡ್ಡು ವಾಪಸ್ ಕೊಡಲ್ಲ, ಅದು ಹೇಗೂ ಬದಲಾಯಿಸೋ ಕಾಲ ಬಂದಿತ್ತು. ಬೇರಿಂಗಿಗೆ ಕೂಲಿ ತಗೊಳ್ಳಲ್ಲ” ಅಂದ. ಸೀಮೆಸುಣ್ಣ ತಗೊಂಡು ಗೋಡೆಯ ‘ಗಡಗಡ’ದ ಮುಂದೆ ಬರೆದ: ಕಿವಿಗೋ, ಕೈಗೋ, ಮೊದಲು ಕೇಳು.

ವಾಪಸ್ ಬರುವಾಗ ದೊಡ್ಡಮ್ಮ ರೇಷ್ಮೆಯ ಮೇಲೆ ನಡೆದ ಹಾಗೆ ಬಂದಳು. ಓಡಿಸುತ್ತಿದ್ದ ಅಪ್ಪ ಒಂದು ಕ್ಷಣ ಎರಡೇ ಬೆರಳು ಸ್ಟೇರಿಂಗಿನ ಮೇಲೆ ಬಿಟ್ಟು, “ನಿಂತಿತು” ಅಂದ. ನಾಳೆ ಕಿವಿ ಡಾಕ್ಟರು.

ಮಾರ್ಚ್ 18, ಮಂಗಳವಾರ

ಇದನ್ನು ಗಾಂಭೀರ್ಯದಿಂದ ಬರೆಯಲು ಮೂರು ಸಲ ಯತ್ನಿಸಿ ಸೋತಿದ್ದೇನೆ.

ಕಿವಿ ಡಾಕ್ಟರು ಬಿಳಿ ಕೂದಲಿನ ಹೆಂಗಸು, ಹಣೆಗೆ ದೀಪ. ಅಪ್ಪನ ಒಂದು ಕಿವಿ ನೋಡಿದರು, ಇನ್ನೊಂದು ನೋಡಿದರು, ಮತ್ತೆ ಮೊದಲನೆಯದು. ಅಪ್ಪ ಕುರ್ಚಿಯ ಕೈ ಹಿಡಿದಿದ್ದ ರೀತಿ ನೋಡಿದರೆ ಹೊಲಿಗೆ ಟೀಚರ್ ಮೊದಲ ದಿನ ಸ್ಟೇರಿಂಗ್ ಹಿಡಿದ ಹಾಗಿತ್ತು. ಡಾಕ್ಟರು ಹಾಳೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದು ಅಪ್ಪನ ಮುಂದೆ ಹಿಡಿದರು: ‘ಕಿವಿಗೆ ಏನು ಹಾಕ್ತೀರಿ?’

ಅಪ್ಪ ಜೇಬಿನಿಂದ ಕಾರಿನ ಕೀಲಿ ತೆಗೆದು ತೋರಿಸಿದ.

ಗುಗ್ಗೆ. ಬರೀ ಕಿವಿಯ ಗುಗ್ಗೆ. ವರ್ಷಗಟ್ಟಲೆ ಕೀಲಿ ಹಾಕಿ ತಿರುಗಿಸಿ ತಿರುಗಿಸಿ ಎರಡೂ ಕಿವಿಯಲ್ಲಿ ಅದನ್ನು ಒಳಕ್ಕೆ ತಳ್ಳಿ, ಗಟ್ಟಿ ಮಾಡಿ, ಅಪ್ಪ ತನಗೆ ತಾನೇ ಬೀಗ ಹಾಕಿಕೊಂಡಿದ್ದ. ಔಷಧಿ ಬಿಟ್ಟು, ನೆನೆಯಲು ಕಾಯಿಸಿ, ಉಗುರುಬೆಚ್ಚಗಿನ ನೀರು ಹಾಯಿಸಿ, ಮುಕ್ಕಾಲು ಗಂಟೆಯಲ್ಲಿ ಎರಡು ಕಪ್ಪು ಮುದ್ದೆ ತಟ್ಟೆಗೆ ಬಿದ್ದವು. ಆಮೇಲೆ ಸದ್ದಿನ ಪರೀಕ್ಷೆ ಮಾಡಿದರು. ಬಲಗಿವಿಯಲ್ಲಿ ವಯಸ್ಸಿಗೆ ತಕ್ಕ ಹಾಗೆ ಸ್ವಲ್ಪ ಕಡಿಮೆ, ವರ್ಷಕ್ಕೊಮ್ಮೆ ತೋರಿಸಬೇಕು. ಕಾರು ಕಲಿಸಲು ಏನೂ ಅಡ್ಡಿಯಿಲ್ಲ. ಚೀಟಿ ಬರೆದು ಕೊಟ್ಟರು. ಫೀಸು ದೊಡ್ಡಮ್ಮನ ಒಂದು ಜೊತೆ ವೈಪರಿಗಿಂತ ಕಡಿಮೆ.

ಡಾಕ್ಟರು ಅಪ್ಪನ ಬೆನ್ನ ಹಿಂದೆ ನಿಂತು ಪಿಸುಗುಟ್ಟಿದರು, “ಇನ್ನು ಕೀಲಿ ಕಾರಿಗೆ ಮಾತ್ರ.”

“ಆಗ್ಲಿ ಡಾಕ್ಟ್ರೇ” ಅಂದ ಅಪ್ಪ. ಆಮೇಲೆ, ತಾನು ತಿರುಗದೆಯೇ ಉತ್ತರಿಸಿದ್ದೇನೆಂದು ಅವನಿಗೆ ತಿಳಿಯಿತು. ನನ್ನ ಕಡೆ ನೋಡಿದ. ನಾನು ಗೋಡೆಯ ಮೇಲಿನ ಕಿವಿಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

ಬರುವ ದಾರಿಯೆಲ್ಲ ಅಪ್ಪ ಗಾಬರಿ. “ದೊಡ್ಡಮ್ಮ ಇಷ್ಟೊಂದು ಗಲಾಟೆ ಮಾಡ್ತಾಳಾ?” ಸೀಟು ಕಿರುಗುಟ್ಟುತ್ತದೆ, ಕಿಟಕಿ ಗಾಜು ಲೊಟಲೊಟ ಅನ್ನುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಏನೋ ಕುಟುಕುಟು, ಮೂರನೇ ಗೇರಿನಲ್ಲಿ ಯಾರೋ ಗೊಣಗುತ್ತಾರೆ. ಹನ್ನೊಂದು ಸದ್ದು ಪಟ್ಟಿ ಮಾಡಿಸಿದ. ಇಂಡಿಕೇಟರ್ ಹಾಕಿದಾಗ ಮಾತು ನಿಲ್ಲಿಸಿದ. ತಿರುವು ಮುಗಿದ ಮೇಲೂ ಅದನ್ನು ತೆಗೆಯಲಿಲ್ಲ. ಟಿಕ್ ಟಿಕ್ ಎನ್ನಿಸಿಕೊಂಡೇ ಒಂದು ಬೀದಿ ನೇರ ಹೋದೆವು. ಹಿಂದಿನವರು ಹಾರ್ನ್ ಹೊಡೆದರು. ಅದನ್ನೂ ಅಪ್ಪ ತಲೆದೂಗಿ ಕೇಳಿದ.

ಮನೆ ಬಾಗಿಲು ತೆಗೆದಿತ್ತು. ನಾವು ಬಂದದ್ದು ಅಮ್ಮನಿಗೆ ಗೊತ್ತಿಲ್ಲ. ಅಡುಗೆಮನೆಯಲ್ಲಿ ಬೆನ್ನು ಹಾಕಿ ನಿಂತು ತನ್ನಷ್ಟಕ್ಕೆ ತಾನೇ, “ಇಷ್ಟು ಹೊತ್ತಾಯ್ತಲ್ಲ, ಏನಂದ್ರೋ ಏನೋ” ಅಂದಳು.

ಅಪ್ಪ ಚಪ್ಪಲಿ ಬಿಡುತ್ತಾ ಹೊಸ್ತಿಲಿಂದಲೇ, “ಸರಿ ಇದೆ ಅಂದ್ರು” ಅಂದ.

ಅಮ್ಮ ತಿರುಗಲಿಲ್ಲ. ನಲ್ಲಿ ನಿಲ್ಲಿಸಿದಳು. ಇನ್ನೂ ಮೆಲ್ಲಗೆ, ಲೈಬ್ರರಿಯಲ್ಲೂ ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಅಂದಳು, “ಇದು ಕೇಳಿಸುತ್ತಾ ರೀ?”

“ಕೇಳಿಸುತ್ತೆ.”

“ಇದು?”

“ಅದೂ.”

ನಾನು ನೀರಿನ ಕ್ಯಾನು ತುಂಬಿಸುವ ನೆಪದಲ್ಲಿ ಹೊರಗೆ ಬಂದೆ. ದೊಡ್ಡಮ್ಮನ ಪೈಪು ದುರಸ್ತಿಯಾಗಿ ಎರಡು ವಾರವಾಗಿತ್ತು, ನೀರು ಯಾರಿಗೂ ಬೇಕಿರಲಿಲ್ಲ.

ಮಾರ್ಚ್ 24, ಸೋಮವಾರ

ಪಟ್ಟಿಯ ಹನ್ನೊಂದು ಸದ್ದಿನಲ್ಲಿ ಒಂಬತ್ತಕ್ಕೆ ಖರ್ಚೇ ಇಲ್ಲ: ಸ್ಕ್ರೂ ಬಿಗಿ, ಎಣ್ಣೆ, ಒಂದು ಚೂರು ರಬ್ಬರು. ಹತ್ತನೆಯದು ಕಿಟಕಿಯ ಮೋಟಾರು, ಹಳೇ ಕಾರಿನ ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಕ್ಕಿತು. ಕುಟುಕುಟು ಮಾತ್ರ ಸಿಗಲಿ ಬಿಡಲಿ ಎಂದು ನಾನೇ ಡ್ಯಾಶ್‌ಬೋರ್ಡ್ ಬಿಚ್ಚಿದೆ. ಒಳಗೆ ಒಂದು ಗೋಲಿ. ನನ್ನದೇ, ಎಂಟು ವರ್ಷದ ಹಿಂದಿನದು. ಆಗಿನ ಕುಚೇಷ್ಟೆ ಏನಿತ್ತೋ ನೆನಪಿಲ್ಲ.

ಅಪ್ಪನ ಒಂದೇ ದೂರು: ನಾನು ಊಟ ಮಾಡುವಾಗ ಬಹಳ ಸದ್ದು ಮಾಡುತ್ತೇನಂತೆ.

ಮಾರ್ಚ್ 28, ಶುಕ್ರವಾರ

ಇಬ್ಬರೂ ಪಾಸು.

ದೊಡ್ಡಮ್ಮನನ್ನು ತಪಾಸಣೆ ಮಾಡಿದ ಅಧಿಕಾರಿ ಎಂಜಿನ್ ಕೇಳಿಸಿಕೊಂಡು, “ಈ ವಯಸ್ಸಿಗೆ ಪರವಾಗಿಲ್ಲ” ಎಂದರು. ಕಚೇರಿಯ ಡಾಕ್ಟರು ಅಪ್ಪನಿಗೂ ಅದನ್ನೇ ಅಂದರು. ನಾನು ಎದುರಿನ ಬೆಂಚಿನ ಮೇಲೇ ಕೂತಿದ್ದೆ, ತುಟಿ ಬಿಗಿ ಹಿಡಿದುಕೊಂಡು. ಅಪ್ಪ ನನ್ನ ಕಡೆ ನೋಡಲೂ ಇಲ್ಲ, ಬೆನ್ನ ಹಿಂದಿನ ಪಿಸುಮಾತನ್ನೆಲ್ಲ ಪಟಪಟನೆ ತಿರುಗಿ ಹೇಳಿದ. ಕೊನೆಗೆ, ಪಕ್ಕದ ಕೋಣೆಯಲ್ಲಿ ಫೋನು ಬಡಿದುಕೊಳ್ಳುತ್ತಿದೆ, ಯಾರೂ ಎತ್ತುತ್ತಿಲ್ಲ ಎಂದು ಡಾಕ್ಟರಿಗೇ ತಿಳಿಸಿದ.

ಹಳದಿ ಫಲಕ ಮತ್ತೆ ಏರಿತು. ಮೊದಲ ಪಾಠ ಹೊಲಿಗೆ ಟೀಚರಿಗೆ. ಸೈಕಲ್ಲಿನ ಬೆಲ್ ಕೇಳಿದರೆ ಸಾಕು, ಅಪ್ಪನ ಕಾಲು ಬ್ರೇಕಿನ ಮೇಲೆ. ದಾರಿಯುದ್ದಕ್ಕೂ ಐದು ಸಲ ನಿಂತೆವು.

ಏಪ್ರಿಲ್ 3, ಗುರುವಾರ

ನನ್ನ ಸೈಕಲ್ಲಿಗೆ ಮೂರು ದಿನದಿಂದ ಏನೋ ಆಗಿದೆ. ಈಗ ದಿನಾ ಅಣ್ಣನ ಬಳಿ ಕೆಲಸ ಕಲಿಯಲು ಗ್ಯಾರೇಜಿಗೆ ಹೋಗುತ್ತೇನಲ್ಲ, ಹೋಗುವಾಗಲೂ ಬರುವಾಗಲೂ ಟಿಣಿಟಿಣಿ. ಚಕ್ರ ಬಿಚ್ಚಿದೆ, ಚೈನು ಬಿಚ್ಚಿದೆ, ಬೆಲ್ ಬಿಚ್ಚಿದೆ. ಅಣ್ಣನ ಸ್ಟೂಲಿನ ಮೇಲೆ ಕೂತು ವಿಧಿವತ್ತಾಗಿ ‘ಟಿಣಿಟಿಣಿ’ ಅಂದೆ. ಅವನು ಗೋಡೆಯನ್ನೆಲ್ಲ ಹುಡುಕಿ, “ಈ ಸದ್ದು ನಮ್ಮ ಪುಸ್ತಕದಲ್ಲಿಲ್ಲ ತಂಗಿ” ಎಂದು ಬಾನೆಟ್ಟಿನೊಳಗೆ ತಲೆ ಹಾಕಿದ. ಅವನ ಭುಜ ಕುಲುಕುತ್ತಿತ್ತು. ಆಮೇಲೆ ಯಾರದೋ ಕಾರಿನ ಕಟಕಟ ಕೇಳಿ ಹೇಳು ಎಂದು ಕಳಿಸಿದ. ಆಕ್ಸಲ್ಲೇ. ನಾನು ಹೇಳಿದ್ದು ಸರಿಯಿತ್ತು.

ಸಂಜೆ ಮನೆಯ ಗೇಟು ಮುಟ್ಟುವ ಮೊದಲೇ ಒಳಗಿನಿಂದ ಅಪ್ಪನ ದನಿ: “ಬಂದಳು ನೋಡು, ಚಹಾ ಇಡು.”

“ನಾನು ಅಂತ ಹೇಗೆ ಗೊತ್ತಾಯ್ತು?”

“ಮೂಲೆಯ ಅಂಗಡಿ ಹತ್ರ ತಿರುಗಿದಾಗಲೇ ಕೇಳಿಸ್ತು.” ಪೇಪರಿನಿಂದ ತಲೆ ಎತ್ತಲಿಲ್ಲ. ಪೇಪರು ಮಾತ್ರ ಸ್ವಲ್ಪ ಅಲುಗುತ್ತಿತ್ತು.

ಹೊರಗೆ ಹೋಗಿ ಸೈಕಲ್ಲಿನ ಹ್ಯಾಂಡಲ್ ಹಿಡಿಯ ರಬ್ಬರ್ ಎಳೆದೆ. ಕೊಳವೆಯೊಳಗೆ ಇತ್ತು, ಮೌಂಟಿಂಗಿನ ಅದೇ ಸಣ್ಣ ನಟ್ಟು.

ಬೆಕ್ಕಿಗೆ ಗಂಟೆ ಕಟ್ಟಿಯಾಗಿದೆ. ಬೆಕ್ಕು ನಾನು.

ನಟ್ಟನ್ನು ಅಲ್ಲೇ ಹಾಕಿ ರಬ್ಬರ್ ಮುಚ್ಚಿದೆ. ಕೇಳಿಸಲಿ.

ಅಂದಹಾಗೆ, ನನ್ನ ಫಲಿತಾಂಶ ಮೊನ್ನೆಯೇ ಬಂದಿತ್ತಂತೆ. ಪಾಸು. ನೋಡುವುದು ಮರೆತಿದ್ದೆ.